ಹೊಗೆ ಇಲ್ಲದ ಕಾಯಿಲೆ

ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಮಂಗಳೂರಿನಲ್ಲಿ ಹಂಚು ತುಂಬಿ ಶಿರಾಡಿ ಘಾಟಿ ಹತ್ತುವಾಗಲೇ ಮಾವನ ಹಳೇ ಲಾರಿಯ ಕಾಯಿಲೆ ಹೊರಬೀಳುತ್ತಿದ್ದದ್ದು. ಈಗಿನ ಹೆದ್ದಾರಿ 75 ಆಗಿನ್ನೂ 48. ಗುಂಡ್ಯ ದಾಟಿ ಏರು ಶುರುವಾದದ್ದೇ ತಡ, ಆಕ್ಸಿಲರೇಟರ್ ಪೂರ್ತಿ ಅದುಮಿದರೂ ಇಂಜಿನ್ ಸದ್ದು ಇಳಿಯುತ್ತಾ ಹೋಗಿ ಫಸ್ಟ್ ಗೇರಿನಲ್ಲೂ ನಿಂತುಬಿಡುತ್ತಿತ್ತು. ರಜೆಯಲ್ಲಿ ಕ್ಲೀನರ್ ಆಗಿ ಹೋಗುತ್ತಿದ್ದ ನಾನು ಇಳಿದು ಓಡಿ ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಒಂದಿಷ್ಟು ದೂರ ಎಳೆಯುತ್ತಿತ್ತು.

ಡೀಸೆಲ್ ಫಿಲ್ಟರ್ ಬದಲಾಯಿಸಿಯಾಯಿತು, ನಾಝಲ್ ಟೆಸ್ಟ್ ಮಾಡಿಸಿಯಾಯಿತು. ಬೋರ್ ಸವೆದಿದೆ, ಇಂಜಿನ್ ಇಳಿಸಿ ಎಂದರು ಎಲ್ಲರೂ. ಆ ದುಡ್ಡು ಹೊಂದಿಸಲು ಮಾವ ಅತ್ತೆಯ ಬಳೆ ಅಡವಿಡುವ ಮಾತಾಡುತ್ತಿದ್ದ.

ಉಪ್ಪಿನಂಗಡಿಯ ಮುದಿ ಮೇಸ್ತ್ರಿಯೊಬ್ಬರು ಮಾತ್ರ ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದರು: “ಎಳೆಯದಿದ್ದಾಗ ಹೊಗೆ ಎಂತ ಬಣ್ಣ ಬರ್ತದೆ?”

“ಹೊಗೆಯೇ ಇಲ್ಲ ಮೇಸ್ತ್ರಿ.”

“ಬೆಳಿಗ್ಗೆ ಸ್ಟಾರ್ಟ್?”

“ಒಂದೇ ಸೆಲ್ಫಿಗೆ.”

“ಮತ್ತೆ ಇಂಜಿನ್ ಯಾಕೆ ಬಿಚ್ಚುದು ಮಾರಾಯ?”

ಗಾಳಿ ಸಾಲದಿದ್ದರೆ ಕಪ್ಪು ಹೊಗೆ; ರಿಂಗು ಸವೆದು ಆಯಿಲ್ ಉರಿದರೆ ನೀಲಿ. ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಎಂದರೆ ಸಾಕಷ್ಟು ಡೀಸೆಲ್ ಬರುತ್ತಿಲ್ಲ. ಮಾವನಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ, ಪಂಪಿನ ಲಿವರ್ ಕೊನೆಯ ಬೋಲ್ಟಿಗೆ ತಾಗುತ್ತದೆಯೇ ಎಂದು ಬಗ್ಗಿ ನೋಡಿದರು. ತಾಗುತ್ತಿತ್ತು. ಟ್ಯಾಂಕಿನ ಮುಚ್ಚಳದ ಗಾಳಿತೂತೂ ಸರಿಯಾಗಿತ್ತು. ಆಮೇಲೆ ಒಂದು ಕ್ಯಾನ್ ಡೀಸೆಲನ್ನು ಎತ್ತರಕ್ಕೆ ಕಟ್ಟಿ, ಅಲ್ಲಿಂದ ನೇರ ಫೀಡ್ ಪಂಪಿಗೆ ಬೇರೆ ಪೈಪು ಕೊಟ್ಟು, ಏರ್ ತೆಗೆದು, ತುಂಬಿದ ಲೋಡಿನಲ್ಲೇ ಘಾಟಿಗೆ ಹೊರಡಿಸಿದರು. ದಿನವೂ ನಿಲ್ಲುತ್ತಿದ್ದ ತಿರುವನ್ನು ಲಾರಿ ಎಳೆದುಕೊಂಡು ದಾಟಿತು. ಹಿಂದೆ ತೆಳ್ಳಗೆ ಕಪ್ಪು ಹೊಗೆ ಕಂಡಾಗ ಮಾವ ಕೂಗಿಯೇಬಿಟ್ಟ.

ಅಂದರೆ ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ಅಲ್ಲಿದ್ದದ್ದು ಒಂದು ರಬ್ಬರ್ ಪೈಪು. ಹೊರಗೆ ಬಿರುಕಿಲ್ಲ, ಒಸರಿಲ್ಲ. ಮೇಸ್ತ್ರಿ ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನನ್ನ ಕೈಗೇ ಕೊಟ್ಟರು. ಒಳಪದರ ಡೀಸೆಲ್ ಕುಡಿದು ಉಬ್ಬಿ, ನಾಲಗೆಯಂತೆ ಕಿತ್ತು ನಿಂತಿತ್ತು. ಸಮತಟ್ಟಿನಲ್ಲಿ ಬೇಕಾದಷ್ಟು ಡೀಸೆಲ್ ಅದರ ಪಕ್ಕದಿಂದಲೇ ನುಸುಳುತ್ತಿತ್ತು. ಏರಿನಲ್ಲಿ ಪಂಪು ಜೋರಾಗಿ ಎಳೆದಾಗ ಆ ನಾಲಗೆ ದಾರಿಗೆ ಅಡ್ಡ ಬೀಳುತ್ತಿತ್ತು. ಇಂಜಿನ್ ನಿಂತರೆ ಸಡಿಲಾಗಿ ಹಿಂದೆ ಸರಿಯುತ್ತಿತ್ತು. ಎಂಥ ಫಿಲ್ಟರ್ ಹಾಕಿದರೂ ಇದು ಸಿಗುತ್ತಿರಲಿಲ್ಲ.

ಮೇಸ್ತ್ರಿ ತೆಗೆದುಕೊಂಡದ್ದು ಪೈಪಿನ ದುಡ್ಡು, ಒಂದು ದಿನದ ಕೂಲಿ. ಬೋರ್ ಕೆಲಸಕ್ಕೆ ಆ ಇಂಜಿನ್ ಇಳಿಸಿದ್ದು ಅದಾಗಿ ಎಷ್ಟೋ ವರ್ಷಕ್ಕೆ.