ಬಿಲ್ಲಿನಲ್ಲಿ ಇಲ್ಲದ ಸಾಲು

ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ ನಡೆಸುತ್ತ ನಾಲ್ಕು ದಶಕ ಕಳೆದ ಹಿರಿಯ ವರ್ತಕರೊಬ್ಬರಿದ್ದಾರೆ. ಬಿ.ಕಾಂ. ಓದಿದವರು. ತಕ್ಕಡಿಗೆ ಇಲಾಖೆಯ ಮುದ್ರೆ ಬೀಳದೆ ಅಂಗಡಿಯಲ್ಲಿ ಒಂದು ಚೀಲವೂ ತೂಗಬಾರದೆಂಬುದು ಅವರ ತಂದೆಯ ಕಾಲದಿಂದ ಬಂದ ಕಟ್ಟಳೆ. ಊರಿಗೆ ಅರಿಕುಠಾರವೆಂಬ ಹೆಸರಿದ್ದಾಗ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಕಟ್ಟಿಸಿದ ಪಾರ್ಶ್ವನಾಥ ಬಸದಿಯ ದರ್ಶನ ಮಾಡಿಯೇ ಅವರು ಅಂಗಡಿಗೆ ಹೋಗುವುದು. ಭಾನುವಾರದ ಸ್ವಾಧ್ಯಾಯದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಬಂದಾಗ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ವಿವರಿಸುವ ಸರದಿ ಸಹಜವಾಗಿ ಅವರದೇ. ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮ ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ. ಅರಿಶಿನದ ವರ್ತಕನಿಗೆ ಕೊನೆಯದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಳದಿ ಬಣ್ಣ ಬೆರೆಸಿದ ಮಾಲು ಹೇಗೆ ಹೊಳೆಯುತ್ತದೆಂಬುದನ್ನು ಅವರು ಕಣ್ಣಾರೆ ಕಂಡವರು.

ಇಂಥವರು 2017ರಲ್ಲಿ ತಮ್ಮ ತಾಯಿಯವರ ಸ್ಮರಣಾರ್ಥವಾಗಿ ಗುಂಡ್ಲುಪೇಟೆಯ ಒಂದು ಪಾಠಶಾಲೆಗೆ ಒಂಬತ್ತು ಗಣಕಯಂತ್ರಗಳನ್ನು ಜ್ಞಾನದಾನವೆಂದು ಕೊಟ್ಟರು. ಗೋಡೆಗೆ ಅಮೃತಶಿಲೆಯ ಫಲಕವೂ ಬಂದಿತು. ಸಂಜೆಯ ಹೊತ್ತು ಸಮಾಜದ ಮಕ್ಕಳೊಡನೆ ನೆರೆಹೊರೆಯ ಮಕ್ಕಳೂ ಬಂದು ಕಲಿಯತೊಡಗಿದರು. ಎಂಟು ವರ್ಷಗಳ ಕಾಲ ಆ ದಾನದ ವಿಷಯದಲ್ಲಿ ಅವರ ಮನಸ್ಸು ನಿಶ್ಚಿಂತವಾಗಿತ್ತು.

ಅವರ ಮಗಳನ್ನು ಕೊಟ್ಟಿರುವುದು ವಯನಾಡಿನ ಸುಲ್ತಾನ್ ಬತ್ತೇರಿಗೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ಆ ಊರು. 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿರುವುದರಿಂದ ಬೀಗರ ಮನೆಯ ಊಟವನ್ನೂ ಗಡಿಯಾರ ನೋಡಿಯೇ ಮುಗಿಸಬೇಕು. 2025ರ ಭಾದ್ರಪದದಲ್ಲಿ ದಶಲಕ್ಷಣ ಪರ್ವವೂ ಕೇರಳದ ಓಣಂ ರಜೆಯೂ ಒಟ್ಟಿಗೇ ಬಂದವು. ಎಂಟನೆಯ ತರಗತಿಯ ಮೊಮ್ಮಗಳು ಪರ್ವದ ದಿನಗಳನ್ನು ತಾತನ ಮನೆಯಲ್ಲಿ ಕಳೆಯಲು ಬಂದಳು. ಉತ್ತಮ ಶೌಚದ ದಿನ ತಾತನೊಡನೆ ಗುಂಡ್ಲುಪೇಟೆಗೆ ಹೋಗಿ, ಮುತ್ತಜ್ಜಿಯ ಹೆಸರಿನ ಫಲಕ ಓದಿ, ಒಂದು ಯಂತ್ರದ ಮುಂದೆ ಕುಳಿತಳು.

“ತಾತ, ಇದಕ್ಕೆ ಲೈಸೆನ್ಸ್ ಇಲ್ಲವಲ್ಲ?” ಎಂದಳು.

ಪರದೆಯ ಬಲಗಡೆಯ ಕೆಳಮೂಲೆಯಲ್ಲಿ ವಿಂಡೋಸನ್ನು ಸಕ್ರಿಯಗೊಳಿಸಿರೆಂಬ ಮಸುಕಾದ ಇಂಗ್ಲಿಷ್ ಸಾಲು ನಿಂತಿತ್ತು. ಎಂಟು ವರ್ಷಗಳಿಂದ ಅದನ್ನು ನೋಡಿದವರೆಲ್ಲ ಅದೂ ಯಂತ್ರದ ಅಲಂಕಾರವೆಂದೇ ಭಾವಿಸಿದ್ದರು. ವರ್ತಕರು, “ಹಣ ಕೊಟ್ಟು ತಂದದ್ದು ಮಗು, ಬಿಲ್ಲಿದೆ” ಎಂದರು. ಅಂದು ರಾತ್ರಿ ಹಳೆಯ ಕಡತ ತೆಗೆಸಿ ಬಿಲ್ಲನ್ನು ನೋಡಿದರು. ಪರದೆ, ಪೆಟ್ಟಿಗೆ, ಕೀಲಿಮಣೆ, ಮೌಸು, ತಂತಿ, ಜೋಡಣೆಯ ಕೂಲಿ, ತೆರಿಗೆ, ಎಲ್ಲವೂ ಇದ್ದವು. ತಂತ್ರಾಂಶವೆಂಬ ಸಾಲೇ ಇರಲಿಲ್ಲ. ಕಿಲೋಗೆ ಹತ್ತು ಪೈಸೆಯ ವ್ಯತ್ಯಾಸವನ್ನು ಕತ್ತಲೆಯಲ್ಲೂ ಹಿಡಿಯುವವರು ಇಷ್ಟು ದೊಡ್ಡ ಸಾಲು ಬಿಟ್ಟುಹೋದದ್ದನ್ನು ಗಮನಿಸಿರಲಿಲ್ಲ. ಬೆಳಿಗ್ಗೆ ಜೋಡಿಸಿಕೊಟ್ಟಾತನಿಗೆ ದೂರವಾಣಿ ಮಾಡಿದರೆ, “ಎಲ್ಲರೂ ಹೀಗೇ ಹಾಕಿಸೋದು ಸಾರ್, ಯಾರೂ ಬಂದು ಕೇಳೋದಿಲ್ಲ” ಎಂದ. ಅಷ್ಟಕ್ಕೇ ನಿಲ್ಲಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದೂ, ಈ ಹಳೆಯ ಯಂತ್ರಗಳು ವಿಂಡೋಸ್ 11ರ ನಿಬಂಧನೆಗಳಿಗೆ ಒಗ್ಗುವುದಿಲ್ಲವೆಂದೂ, ಒಂಬತ್ತನ್ನೂ ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದೇ ಲೇಸೆಂದೂ ಸಲಹೆ ಕೊಟ್ಟ.

ಕದ್ದ ಮಾಲನ್ನು ಕೊಳ್ಳಬಾರದೆಂದು ಭಾನುವಾರ ಹೇಳುವುದು. ಅದೇ ಮಾಲನ್ನು ತಾಯಿಯ ಹೆಸರಿನಲ್ಲಿ ಮಕ್ಕಳಿಗೆ ದಾನ ಕೊಡುವುದು. ತಿಳಿಯದೆ ಆದದ್ದು ಎಂದು ಮನೆಯವರು ಸಮಾಧಾನ ಹೇಳಿದರು. ತಿಳಿದ ಮೇಲೆ ಎಷ್ಟು ದಿನ ತಿಳಿಯದ್ದಾಗಿ ಉಳಿದೀತು ಎಂಬುದೇ ಅವರ ಚಿಂತೆಯಾಗಿತ್ತು.

ಇತ್ತ ಮೊಮ್ಮಗಳು ತನ್ನ ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದಳು. ಅದರಲ್ಲಿ ಅವಳ ಶಾಲೆಯಲ್ಲಿ ಬಳಸುವ ಗ್ನೂ/ಲಿನಕ್ಸ್ ವ್ಯವಸ್ಥೆಯಿತ್ತು. ಅದನ್ನು ಸಿಕ್ಕಿಸಿ ಯಂತ್ರವನ್ನು ಮತ್ತೆ ಆರಂಭಿಸಿದರೆ, ಗುಜರಿಗೆ ಯೋಗ್ಯವೆನಿಸಿಕೊಂಡ ಪೆಟ್ಟಿಗೆ ಮೊದಲಿಗಿಂತ ಚುರುಕಾಗಿ ಎದ್ದಿತು. “ಇದನ್ನು ಕಾಪಿ ಮಾಡಬಹುದಾ?” ಎಂದು ತಾತ ಅಳುಕಿನಿಂದ ಕೇಳಿದರು. “ಮಾಡಬಹುದು ತಾತ. ನಮ್ಮ ಟೀಚರೇ ಮಾಡಿಕೊಳ್ಳಿ ಅಂತಾರೆ. ನೀವು ಬೇರೆಯವರಿಗೂ ಕೊಡಬಹುದು.”

ಈ ಅನುಮತಿಗೆ ಒಂದು ಇತಿಹಾಸವಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ, ಯಾರು ಬೇಕಾದರೂ ಬಳಸುವ, ಒಳಗನ್ನು ಬಿಚ್ಚಿ ಓದುವ, ತಿದ್ದುವ, ಹಂಚುವ ಹಕ್ಕುಳ್ಳ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಸಾರಿದರು. ಅದೇ ಗ್ನೂ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಅದಕ್ಕೆ ಕೂಡಿಕೊಂಡಿತು. ಸ್ಟಾಲ್ಮನ್ ರೂಪಿಸಿದ ಪರವಾನಗಿಯಲ್ಲಿ ಒಂದು ನಿಬಂಧನೆ ಗಮನಾರ್ಹವಾದುದು: ತಿದ್ದಿ ಹಂಚುವವನು ತಾನು ಪಡೆದ ಸ್ವಾತಂತ್ರ್ಯವನ್ನು ಪಡೆದವನಿಗೂ ಕೊಡಲೇಬೇಕು. ತೆಗೆದುಕೊಂಡು ಮುಚ್ಚಿಡುವಂತಿಲ್ಲ.

ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆ ಆ ದಶಕದಲ್ಲಿಯೇ ಶಾಲೆಗಳನ್ನು ಈ ದಾರಿಗೆ ತಿರುಗಿಸಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅಲ್ಲಿನ ಪಠ್ಯದಲ್ಲಿ ಮಕ್ಕಳು ಚಿತ್ರ ಬಿಡಿಸುವುದು, ಲೆಕ್ಕಪತ್ರ ಹಾಕುವುದು, ಪೈಥಾನಿನಲ್ಲಿ ಕ್ರಮವಿಧಿ ಬರೆಯುವುದು ಎಲ್ಲವೂ ಮುಕ್ತ ತಂತ್ರಾಂಶದಲ್ಲಿಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪುಸ್ತಕ ಕನ್ನಡದಲ್ಲಿ ಅಚ್ಚಾಗಿ ಬರುತ್ತದೆ. ಕನ್ನಡದ ಮಗು ಮುಕ್ತ ಗಣಕವನ್ನು ಕನ್ನಡದಲ್ಲಿ ಕಲಿಯಬೇಕಾದರೆ ಕೇರಳದಲ್ಲಿ ಹುಟ್ಟಿದ್ದರೆ ಒಳ್ಳೆಯದೇನೋ ಎಂದು ವರ್ತಕರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ. ಕರ್ನಾಟಕದಲ್ಲಿಯೂ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ತರಬೇತಿ ನಡೆದದ್ದುಂಟು, ಬೆಂಗಳೂರಿನ ಕೊಳೆಗೇರಿಯ ಮಕ್ಕಳಿಗೆ ಯುವಕರು ಗಣಕ ಕೇಂದ್ರ ನಡೆಸಿದ್ದುಂಟು. ಗಡಿಯಾಚೆಯಂತೆ ಅದು ಮಗುವಿನ ಪಠ್ಯಪುಸ್ತಕವಾಗಲಿಲ್ಲ.

ಉತ್ತಮ ತ್ಯಾಗದ ದಿನ ಪಾಠಶಾಲೆಯ ಆಡಳಿತ ಮಂಡಳಿ ಸೇರಿತು. ವರ್ತಕರು ಬಿಲ್ಲನ್ನು ಮುಂದಿಟ್ಟು ನಡೆದದ್ದನ್ನು ಹೇಳಿದರು. ಕೋಣೆ ಸ್ವಲ್ಪ ಹೊತ್ತು ಮೌನವಾಯಿತು. ಏಕೆಂದರೆ ಸದಸ್ಯರಲ್ಲಿ ಅನೇಕರ ಅಂಗಡಿಗಳಲ್ಲಿಯೂ ಪರದೆಯ ಮೂಲೆಯಲ್ಲಿ ಅದೇ ಸಾಲು ಇತ್ತು.

ಮೊದಲ ಆಕ್ಷೇಪ ತೂಕವುಳ್ಳದ್ದೇ. ನಾಳೆ ಮಕ್ಕಳು ಕೆಲಸಕ್ಕೆ ಹೋಗುವ ಕಚೇರಿಗಳಲ್ಲಿರುವುದು ವಿಂಡೋಸ್. ಇಲ್ಲಿ ಬೇರೆಯದನ್ನು ಕಲಿಸಿ ಅವರ ಅನ್ನ ಕೆಡಿಸುವುದೇಕೆ? ವರ್ತಕರು ಇದಕ್ಕೆ ತಮ್ಮದೇ ಉದಾಹರಣೆ ಕೊಟ್ಟರು. ಅವರು ಓದುವಾಗ ಕಲಿಸಿದ್ದು ಜಮಾಖರ್ಚಿನ ತತ್ತ್ವ, ಯಾವುದೋ ಕಂಪನಿಯ ಲೆಡ್ಜರ್ ಪುಸ್ತಕದ ರೂಲು ಗೀಟುಗಳನ್ನಲ್ಲ. ಆದ್ದರಿಂದಲೇ ಮುಂದೆ ಟ್ಯಾಲಿ ಬಂದಾಗ ಒಂದು ವಾರದಲ್ಲಿ ಕೈ ಹತ್ತಿತು. ಟ್ಯಾಲಿಯೂ ಮುಚ್ಚಿದ ತಂತ್ರಾಂಶವೇ. ಅದನ್ನು ಅವರು ಹಣ ಕೊಟ್ಟು ಪಡೆದಿದ್ದಾರೆ, ಇನ್ನೂ ಬಳಸುತ್ತಾರೆ. ಮುಚ್ಚಿ ಮಾರುವುದೆಲ್ಲ ಅಧರ್ಮವೆಂದು ವರ್ತಕನ ಬಾಯಿಂದ ಬರಲಾರದು. ದುಡಿದವನು ಬೆಲೆ ಕೇಳುತ್ತಾನೆ, ಬೇಕಾದವನು ಕೊಡುತ್ತಾನೆ. ಮಗುವಿಗೆ ಕಲಿಸುವಾಗಿನ ಮಾತು ಬೇರೆ. ಅಲ್ಲಿ ಯಂತ್ರ ಏಕೆ ಹೀಗೆ ನಡೆದುಕೊಳ್ಳುತ್ತದೆಂದು ಮಗು ಕೇಳಿದರೆ, ನೋಡುವಂತಿಲ್ಲ ಎಂಬ ಉತ್ತರ ಪಾಠವಾಗುವುದಿಲ್ಲ.

ಎರಡನೆಯ ಆಕ್ಷೇಪ ಬೆಲೆಯಿಲ್ಲದೆ ಸಿಗುವುದೆಲ್ಲ ಒಂದೇ ಎಂಬುದು. ಇದಕ್ಕೆ ಉತ್ತರ ಆ ಯಂತ್ರಗಳಲ್ಲಿಯೇ ಇತ್ತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಹಲವು ವರ್ಷ ಕನ್ನಡಿಗರಿಗೆ ಬೆಲೆಯಿಲ್ಲದೆ ದೊರೆಯಿತು. ಆ ಉಪಕಾರವನ್ನು ಯಾರೂ ಮರೆಯಲಾರರು. ಅದರ ಮೂಲಸಂಕೇತ ಮಾತ್ರ ತೆರೆದಿರಲಿಲ್ಲ. ಉಚಿತವಾದದ್ದು ಮುಕ್ತವಾಗಿಯೇ ಇರಬೇಕೆಂದಿಲ್ಲ. ಮುಚ್ಚಿದ್ದರ ಕಷ್ಟವೂ ಅದೇ ದಿನ ಕಣ್ಣಿಗೆ ಬಿದ್ದಿತು. ಟ್ರಸ್ಟಿನ ತಾಳೆಗರಿ ಗ್ರಂಥಗಳ ಪಟ್ಟಿಯನ್ನು ಇಪ್ಪತ್ತು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಹಳೆಯ ಬಗೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಆ ಫಾಂಟು ಇಲ್ಲದ ವ್ಯವಸ್ಥೆಯಲ್ಲಿ ತೆರೆದರೆ, ಪುಟದ ತುಂಬ ಕೊಂಬು ಮೂಡಿದ ರೋಮನ್ ಅಕ್ಷರಗಳು. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ ನಮ್ಮ ಕಚೇರಿ, ಮುದ್ರಣಾಲಯಗಳು ಬಹುಕಾಲ ಹಳೆಯ ಫಾಂಟುಗಳಲ್ಲಿಯೇ ಉಳಿದವು. ತಾಳೆಗರಿಯನ್ನು ನಾನೂರು ವರ್ಷದ ಮೇಲೂ ಲಿಪಿ ಬಲ್ಲವನು ಓದುತ್ತಾನೆ. ಅದರ ಪಟ್ಟಿಯನ್ನು ಇಪ್ಪತ್ತು ವರ್ಷಕ್ಕೆ ಓದಲಾಗದೆ ಹೋಯಿತು.

ಆಗ ಗ್ರಂಥಗಳ ಮಾತು ಬಂದಿತು. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದನ್ನು ವರ್ತಕರು ನೆನಪಿಸಿದರು. ಪ್ರತಿ ಮಾಡುವುದೇ ಅಲ್ಲಿ ದಾನ. ಮೂಡಬಿದಿರೆಯ ಸಿದ್ಧಾಂತ ಬಸದಿಯ ಕಥೆ ಇದಕ್ಕೆ ವಿರುದ್ಧವಾದದ್ದು. ಧವಲಾ, ಜಯಧವಲಾ, ಮಹಾಧವಲಾ ತಾಳೆಗರಿಗಳು ಶತಮಾನಗಳ ಕಾಲ ಅಲ್ಲಿ ಕೇವಲ ದರ್ಶನದ ವಸ್ತುಗಳಾಗಿದ್ದವು. ಕಾಯ್ದವರ ಭಕ್ತಿಯಿಂದಲೇ ಅವು ಉಳಿದವೆಂಬುದು ನಿಜ. ಓದುವವರಿಲ್ಲದೆ ಮುಚ್ಚಿಹೋದವೆಂಬುದೂ ನಿಜ. 1896ರಲ್ಲಿ ಪ್ರತಿ ಮಾಡುವ ಕಾರ್ಯಕ್ಕೆ ಒಪ್ಪಿಗೆ ದೊರೆತಾಗಲೂ ಪ್ರತಿಗಳು ಹೊರಗೆ ಹೋಗಬಾರದೆಂಬ ಕಟ್ಟು ಇತ್ತು. ಲಿಪಿಕಾರರಾದ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿದರು. ಅದು ಸಹಾರನ್‌ಪುರ ಸೇರಿತು, ಅಲ್ಲಿಂದ ಬೇರೆ ಪ್ರತಿಗಳಾದವು. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು.

ಸದಸ್ಯರಲ್ಲಿ ವಕೀಲರೊಬ್ಬರಿದ್ದರು. ಅವರು ನಗುತ್ತ, “ಹಾಗಾದರೆ ನಮ್ಮ ಯಂತ್ರದಲ್ಲಿರುವುದೂ ಗಜಪತಿ ಶಾಸ್ತ್ರಿಗಳ ಪ್ರತಿಯೇ ಆಯಿತಲ್ಲ ಸ್ವಾಮಿ? ಇನ್ನೇಕೆ ಪ್ರಾಯಶ್ಚಿತ್ತ?” ಎಂದರು.

ವರ್ತಕರು ತಕ್ಷಣ ಉತ್ತರಿಸಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದ್ದು ಇಷ್ಟು: ಆಗಮ ಯಾರೊಬ್ಬರ ಸೊತ್ತೂ ಅಲ್ಲ, ಅದನ್ನು ಕಾಯುತ್ತಿದ್ದವರು ಕಾವಲುಗಾರರೇ ಹೊರತು ಕರ್ತೃಗಳಲ್ಲ. ವಿಂಡೋಸ್ ಮಾಡಿದವರು ತಮ್ಮ ದುಡಿಮೆಗೆ ಬೆಲೆ ಹೇಳಿದ್ದಾರೆ. ಗಜಪತಿ ಶಾಸ್ತ್ರಿಗಳಿಗೆ ಬೇರೆ ಧವಲಾ ಎಲ್ಲಿಯೂ ಇರಲಿಲ್ಲ. ಪ್ರತಿ ಮಾಡಿಕೊಳ್ಳಿ ಎಂದು ಕೈನೀಡುವ ಇನ್ನೊಂದು ವ್ಯವಸ್ಥೆ ಮೊಮ್ಮಗಳ ಚೀಲದಲ್ಲಿರುವಾಗ ಕಳವಿನ ಪ್ರತಿಗೆ ಯಾವ ನೆಪ ಉಳಿಯಿತು? ವಕೀಲರು ಒಪ್ಪಿದರು. ವರ್ತಕರಿಗೇ ಪೂರ್ಣ ಒಪ್ಪಿಗೆಯಾಗಿರಲಿಲ್ಲ. ಶಾಸ್ತ್ರಿಗಳು ಮಾತು ತಪ್ಪಿದ್ದರಿಂದ ಲೋಕಕ್ಕೆ ಒಳ್ಳೆಯದಾಯಿತೆಂದು ಸ್ವಾಧ್ಯಾಯದಲ್ಲಿ ಮಕ್ಕಳ ಮುಂದೆ ಹೇಗೆ ಹೇಳುವುದೆಂಬ ತೊಡಕು ಅವರಲ್ಲಿ ಈಗಲೂ ಉಳಿದಿದೆ.

ಎಂಟು ಯಂತ್ರಗಳಿಗೆ ಗ್ನೂ/ಲಿನಕ್ಸ್ ಹಾಕುವುದೆಂದೂ, ಲೆಕ್ಕ ಬರೆಯುವ ಒಂದಕ್ಕೆ ಹೊಸ ಪೆಟ್ಟಿಗೆಯನ್ನೂ ವಿಂಡೋಸಿನ ಪರವಾನಗಿಯನ್ನೂ ಹಣ ಕೊಟ್ಟು ಕೊಳ್ಳುವುದೆಂದೂ ತೀರ್ಮಾನವಾಯಿತು. ಗುಜರಿಗೆ ಹೋಗಲಿದ್ದ ಎಂಟು ಯಂತ್ರ ಉಳಿದದ್ದು ಅಪರಿಗ್ರಹದ ಲೆಕ್ಕಕ್ಕೂ ಜಮೆಯಾಯಿತೆಂದು ಕೋಶಾಧಿಕಾರಿಗಳು ಹಾಸ್ಯ ಮಾಡಿದರು. ಗ್ರಂಥಗಳ ಪಟ್ಟಿಯನ್ನು, ಕನ್ನಡದ ಉತ್ಸಾಹಿಗಳು ಮಾಡಿ ಮುಕ್ತವಾಗಿ ಕೊಟ್ಟಿರುವ ಪರಿವರ್ತಕವೊಂದರಿಂದ ಯೂನಿಕೋಡಿಗೆ ತಂದರು. ಒತ್ತಕ್ಷರಗಳು ಅಲ್ಲಲ್ಲಿ ಕದಲಿದ್ದವು. ಅರ್ಕಾವತ್ತುಗಳನ್ನಂತೂ ಒಂದೊಂದಾಗಿ ಕಣ್ಣಿಟ್ಟು ತಿದ್ದಬೇಕಾಯಿತು.

ತೊಂದರೆಗಳೂ ಬಂದವು. ಮುದ್ರಣ ಯಂತ್ರ ಮೂರು ವಾರ ಕೈಕೊಟ್ಟಿತು. ಇಬ್ಬರು ತಂದೆಯರು ಮಕ್ಕಳನ್ನು ಬಿಡಿಸಿ ಬೇರೆ ತರಬೇತಿಗೆ ಸೇರಿಸಿದರು. ಪಾಠ ಹೇಳುವ ಯುವತಿ ಮೊದಲ ತಿಂಗಳು ಮಕ್ಕಳಿಗಿಂತ ಒಂದು ಪುಟವಷ್ಟೇ ಮುಂದಿದ್ದಳು.

ಕಾರ್ತಿಕದಲ್ಲಿ ವರ್ತಕರು ಗುಂಡ್ಲುಪೇಟೆಗೆ ಹೋದಾಗ, ಹೂವಿನ ಬೆಳೆಗಾರರೊಬ್ಬರ ಮಗ, ಆರನೆಯ ತರಗತಿಯವನು, ಪರದೆಯತ್ತ ಬೆರಳು ತೋರಿಸಿ, “ಇಲ್ಲಿ ಕನ್ನಡ ತಪ್ಪಾಗಿದೆ, ಅಯ್ಯ” ಎಂದ. ತಂತ್ರಾಂಶದ ಪಟ್ಟಿಯೊಂದರಲ್ಲಿ ಅನುವಾದಕರು ಪದವನ್ನು ತಪ್ಪಾಗಿ ಕೂಡಿಸಿದ್ದರು. ಮೊದಲಾಗಿದ್ದರೆ ಅದು ಅಮೆರಿಕದ ತಪ್ಪೆಂದು ಬಿಟ್ಟುಬಿಡುತ್ತಿದ್ದರು. ಪಾಠ ಹೇಳುವ ಯುವತಿ ಇದನ್ನು ತಿದ್ದಿ ಕಳಿಸಬಹುದಂತೆ ಎಂದಳು. ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ಅಲ್ಲಿಂದಲೇ ಸುಲ್ತಾನ್ ಬತ್ತೇರಿಗೆ ದೂರವಾಣಿ ಮಾಡಿದರು. ಮೊಮ್ಮಗಳು ಹೇಳುತ್ತ ಹೋದಳು, ಹುಡುಗ ಬರೆದುಕೊಳ್ಳುತ್ತ ಹೋದ. ವರ್ತಕರು ಅಂಗಡಿಯ ಕೆಲಸ ಮರೆತು ಸ್ಟೂಲಿನ ಮೇಲೆ ಕುಳಿತು, ಆ ಪದ ಬಿಡಿಯಾಗಿರಬೇಕೋ ಸಮಾಸವಾಗಿರಬೇಕೋ ಎಂಬ ಚರ್ಚೆಯಲ್ಲಿ ತಾವೂ ಸೇರಿಕೊಂಡರು.