ನೀರಿನಡಿಯ ಕೋಟೆ

ಕಾರಮಡೈಯ ನಮ್ಮ ಒಕ್ಕಲು ಮನೆಯಲ್ಲಿ ಹಿರಿಯರೆಲ್ಲರ ಮಾತು ಕನ್ನಡವೇ. ಆದರೆ ಅದನ್ನು ಓದಬಲ್ಲವಳು ನಾನೊಬ್ಬಳೇ. ತಂದೆಯವರು ತಮಿಳು ಶಾಲೆಯಲ್ಲಿ ಕಲಿತವರು. ಅಜ್ಜಿಗೆ ಅಕ್ಷರದ ಪರಿಚಯವಿಲ್ಲ. ತಮ್ಮನಂತೂ ಅಜ್ಜಿಯ ಕನ್ನಡಕ್ಕೆ ತಮಿಳಿನಲ್ಲಿಯೇ ಉತ್ತರ ಕೊಡುತ್ತಾನೆ.

ಐಚ್ಛಿಕ ಕನ್ನಡ ತೆಗೆದುಕೊಂಡ ಮೊದಲ ವರ್ಷ, ರಜೆಯಲ್ಲಿ ಹೊಯ್ಸಳರ ವಂಶಾವಳಿಯನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಅಕ್ಕಿ ಆರಿಸುತ್ತಿದ್ದ ಅಜ್ಜಿ ಕೇಳಿದಳು: "ಇಷ್ಟು ರಾಜರ ಹೆಸರು ಹೇಳ್ತೀಯಲ್ಲ, ಅವರ ಮನೆ ಮಕ್ಕಳು ಏನಾದರು?" ನನ್ನಲ್ಲಿ ಉತ್ತರವಿರಲಿಲ್ಲ. ಪರೀಕ್ಷೆಗೆ ಇಸವಿಗಳು ಸಾಕಾಗಿದ್ದವು.

ಉತ್ತರ ಹುಡುಕಿದಾಗ ಆ ಇಸವಿಗಳ ನಡುವೆ ಒಂದು ಮನೆಯ ದುಃಖವೇ ಕಂಡಿತು. ಸೋಮೇಶ್ವರನು ರಾಜ್ಯವನ್ನು ಇಬ್ಬರು ಮಕ್ಕಳಿಗೆ ಹಂಚಿದನು. ದೋರಸಮುದ್ರದ ಮೂರನೆಯ ನರಸಿಂಹನೂ ತಮಿಳು ಸೀಮೆಯ ಕಣ್ಣನೂರಿನ ರಾಮನಾಥನೂ ಪರಸ್ಪರ ಕಾದಾಡಿದರು. ನರಸಿಂಹನ ಮಗ ಮೂರನೆಯ ಬಲ್ಲಾಳನು ರಾಜ್ಯವನ್ನು ಮತ್ತೆ ಒಂದುಗೂಡಿಸಿದನು. ಆದರೆ 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಿತು. ಬಲ್ಲಾಳನು ತನ್ನ ಮಗ ವಿರೂಪಾಕ್ಷನನ್ನು ದೆಹಲಿಗೆ ಕಳುಹಿಸಬೇಕಾಯಿತು. ಮಗನು 1313ರಲ್ಲಿ ಮರಳಿದನು. ಕೊನೆಗೆ ಎಂಬತ್ತರ ಹೊಸ್ತಿಲಲ್ಲಿದ್ದ ಬಲ್ಲಾಳನು, ಚಿಕ್ಕಪ್ಪ ಆಳಿದ ಅದೇ ಕಣ್ಣನೂರಿನ ಬಳಿ ಮಧುರೆಯ ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕಿ ಕೊಲೆಯಾದನು. ಅವನ ಚರ್ಮಕ್ಕೆ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದನ್ನು ಇಬ್ನ್ ಬತೂತ ಕಂಡು ಬರೆದಿದ್ದಾನೆ.

ಅದನ್ನು ಓದಿ ಹೇಳಿದಾಗ ಅಜ್ಜಿಯ ಕೈ ಮೊರದ ಮೇಲೆ ನಿಂತಿತು. ಆ ಬಲ್ಲಾಳನ ಕಾಲದ ಮಾಧವ ದಣ್ಣಾಯಕನ ಮನೆತನದ ಹೆಸರು ಹೊತ್ತ ದಣಾಯಕನಕೋಟೆ ನಮಗೆ ದೂರವಲ್ಲ. 1955ರಲ್ಲಿ ಮುಗಿದ ಭವಾನಿಸಾಗರ ಅಣೆಕಟ್ಟಿನ ನೀರಿನಡಿ ಇದೆ. ನೀರು ಬತ್ತಿದ ವರ್ಷಗಳಲ್ಲಿ ಅದರ ಕಲ್ಲುಗಳು ಮೇಲೇಳುತ್ತವೆ. ಅಜ್ಜಿಯ ತವರೂ ಅದೇ ನೀರಿಗೆ ಹೋಯಿತು. ಬಾಗಿಲು, ಒರಳುಕಲ್ಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ಮೇಲಕ್ಕೆ ಬಂದದ್ದು ಅವಳಿಗೆ ನೆನಪಿದೆ.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದಲ್ಲವೆಂದು, ನಾನು ಓದಿದ್ದ ವೇಲ್ಸಿನ ಕಥೆಯನ್ನೂ ಹೇಳಿದೆ. 1282ರಲ್ಲಿ ಅಲ್ಲಿನ ಅರಸ ಲ್ಲೆವೆಲಿನ್‌ನನ್ನು ಇಂಗ್ಲೆಂಡಿನ ಒಂದನೆಯ ಎಡ್ವರ್ಡನ ಸೈನಿಕರು ಕೊಂದು ತಲೆಯನ್ನು ಲಂಡನ್ನಿಗೆ ಕಳುಹಿಸಿದರು. ಅವನ ಒಬ್ಬಳೇ ಮಗಳು ಗ್ವೆನ್ಲಿಯನ್ ಅದೇ ವರ್ಷ ಹುಟ್ಟಿದ ಕೂಸು. ಹೆರಿಗೆಯಲ್ಲೇ ತಾಯಿಯನ್ನು ಕಳೆದುಕೊಂಡವಳು. ಅವಳು ವಾರಸುದಾರರಿಗೆ ತಾಯಿಯಾಗಬಾರದೆಂದು ಇಂಗ್ಲೆಂಡಿನ ಸೆಂಪ್ರಿಂಗ್‌ಹ್ಯಾಮ್ ಮಠಕ್ಕೆ ಒಪ್ಪಿಸಿದರು. 1337ರಲ್ಲಿ ತೀರಿಕೊಳ್ಳುವವರೆಗೂ ಅವಳು ಅಲ್ಲಿಯೇ ಇದ್ದಳು. ವಿರೂಪಾಕ್ಷನಿಗೆ ದೊರೆತ ಮರಳುವ ದಾರಿ ಅವಳಿಗೆ ದೊರೆಯಲಿಲ್ಲ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ಕೂಸು ಯಾವ ಮಾತು ಆಡ್ತಿತ್ತು?"

"ಅಪ್ಪನ ಮಾತಂತೂ ಅಲ್ಲ ಅಜ್ಜಿ. ಕಲಿಸುವವರು ಯಾರಿದ್ದರು?"

ತಲೆ, ಚರ್ಮ, ಸೆರೆ ಎಲ್ಲವನ್ನೂ ಕೇಳಿದವಳ ಕಣ್ಣು ತುಂಬಿದ್ದು ಆಗಲೇ. ರಾಜರ ಕಥೆಯಲ್ಲಿ ನಾನು ಗೆಲುವು ಸೋಲುಗಳನ್ನು ಎಣಿಸುತ್ತಿದ್ದೆ. ಅಜ್ಜಿ ಮನೆಯೊಳಗೆ ಏನು ನಿಂತುಹೋಯಿತೆಂದು ನೋಡಿದಳು. ಹೊಯ್ಸಳರ ಆಳ್ವಿಕೆ ಹೋಗಿ ಆರುನೂರು ವರ್ಷಗಳ ಮೇಲಾದರೂ ಭವಾನಿಯ ಈ ದಡದಲ್ಲಿ ಕನ್ನಡ ಉಳಿದದ್ದು ಕೋಟೆಯಿಂದಲ್ಲ, ಇಂಥ ಅಜ್ಜಿಯರಿಂದ. ನಮ್ಮ ಮನೆಯಲ್ಲಿ ಮಕ್ಕಳನ್ನು ಯಾರೂ ಕಸಿದುಕೊಂಡಿಲ್ಲ. ಆದರೂ ಮಾತು ಕೈಜಾರುತ್ತಿದೆ.

ಮರುದಿನ ಅಜ್ಜಿ ತಮ್ಮನ ಹಳೆಯ ಸ್ಲೇಟನ್ನು ಒರೆಸಿ ನನ್ನ ಮುಂದಿಟ್ಟಳು. "ನಿನ್ನ ರಾಜರು ಇರಲಿ. ಮೊದಲು ಇವನಿಗೆ ನಾಲ್ಕಕ್ಷರ ಹೇಳಿಕೊಡು."