ಹಳೇ ಗಾಜು, ನಮ್ಮ ಕೇರಿ

ನಾವು ಮೂವರು ಗೆಳೆಯರು. ಮೂವರ ಮನೆಯಲ್ಲೂ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು ನಾವೇ. ಮೂವರ ಮನೆಯ ಗೋಡೆಯಲ್ಲೂ ತಾತಂದಿರ ಫೋಟೋ ಇಲ್ಲ. ಒಬ್ಬನ ಮನೆಯಲ್ಲಿ ಅಜ್ಜಿಯ ರೇಷನ್ ಕಾರ್ಡಿನ ಚೂರನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ. ಅದರಲ್ಲಿ ಅಜ್ಜಿಯ ಕೆನ್ನೆ ಮೇಲೆ ಸರ್ಕಾರದ ಸೀಲು ಬಿದ್ದಿದೆ. ಹಬ್ಬದ ದಿನ ಸೀಲನ್ನೂ ಸೇರಿಸಿಯೇ ಕುಂಕುಮ ಇಡ್ತೀವಿ.

ಹೀಗಾಗಿ ಸಂಬಳ ಅಂತ ಒಂದು ಕೈಗೆ ಬಂದಾಗ ಮೂವರೂ ದುಡ್ಡು ಹಾಕಿ ಕ್ಯಾಮೆರಾ ಕೊಂಡೆವು. ಹೊಸದಲ್ಲ. ೨೦೧೪ರಲ್ಲಿ ಮಾರುಕಟ್ಟೆಗೆ ಬಂದ ಸೋನಿ ಎ೬೦೦೦, ಬರೀ ಬಾಡಿ, ಸೆಕೆಂಡ್ ಹ್ಯಾಂಡು. ಲೆನ್ಸಿಗೆ ದುಡ್ಡು ಸಾಲಲಿಲ್ಲ. ಕಣ್ಣಿಲ್ಲದ ಕ್ಯಾಮೆರಾ ಎರಡು ತಿಂಗಳು ಟ್ರಂಕಿನಲ್ಲೇ ಕೂತಿತ್ತು.

ಕಣ್ಣು ಸಿಕ್ಕಿದ್ದು ತಾಲ್ಲೂಕು ಕೇಂದ್ರದ ಒಂದು ಹಳೇ ಸ್ಟುಡಿಯೋದಲ್ಲಿ. ನಮ್ಮ ಅಪ್ಪಂದಿರ ಮದುವೆ ಕಾಲಕ್ಕೆ ಆ ಸ್ಟುಡಿಯೋದವರು ಕೇರಿಯೊಳಗೆ ಬರುತ್ತಿರಲಿಲ್ಲವಂತೆ. ಫೋಟೋ ಬೇಕಿದ್ದರೆ ಗಂಡು ಹೆಣ್ಣೇ ಬಾಸಿಂಗ ಕಟ್ಟಿಕೊಂಡು ಕೇರಿಯಾಚೆಯ ಹುಣಸೆಮರದ ತನಕ ನಡೆಯಬೇಕಿತ್ತು. ಈಗ ಅವರ ಮಗ ಅಂಗಡಿ ಖಾಲಿ ಮಾಡುತ್ತಿದ್ದ. ಬೀರುವಿನ ಮೂಲೆಯಲ್ಲಿ ಶಟರ್ ಸತ್ತುಹೋದ ಒಂದು ಜೆನಿಟ್ ಕ್ಯಾಮೆರಾ ಇತ್ತು. ಮುಂದಿನ ಲೆನ್ಸು ಮಾತ್ರ ಜೀವಂತ. "ಎಂಟುನೂರು ಕೊಟ್ಟು ತಗೊಂಡೋಗ್ರಪ್ಪ, ಇದಕ್ಕೀಗ ಫಿಲಮ್ಮು ಹಾಕೋರ್ಯಾರು" ಅಂದ. ಕೇರಿಗೆ ಬಾರದಿದ್ದ ಲೆನ್ಸು ೮೦೦ ರೂಪಾಯಿಗೆ ಕೇರಿಗೆ ಬಂತು.

ಅದರ ಹೆಸರು ಹೀಲಿಯೋಸ್ ೪೪-೨. ೫೮ ಮಿಲಿಮೀಟರು, ಎಫ್ ೨. ಮೈಮೇಲೆ 'ಮೇಡ್ ಇನ್ ಯುಎಸ್ಎಸ್ಆರ್' ಎಂದು ಕೆತ್ತಿದ್ದಾರೆ. ಆ ದೇಶ ೧೯೯೧ರಲ್ಲೇ ಇಲ್ಲವಾಯಿತು; ಅದರ ಹೆಸರು ಈ ಲೋಹದ ಮೇಲೆ ಉಳಿದಿದೆ. ಇಂಥ ಲೆನ್ಸುಗಳಲ್ಲಿ ನಂಬರಿನ ಮೊದಲೆರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. ನಮ್ಮದು ೭೯. ಅಂದರೆ ನಮಗಿಂತ ಇಪ್ಪತ್ತು ವರ್ಷ ಹಿರೀಕ. ಇದರ ಮೂಲ ಜರ್ಮನಿಯದು. ವಿಲ್ಲಿ ಮೆರ್ಟೆ ಎಂಬಾತ ೧೯೨೦ರ ದಶಕದಲ್ಲಿ ಕಾರ್ಲ್ ಝೈಸ್ ಕಂಪೆನಿಯಲ್ಲಿ ಲೆಕ್ಕ ಹಾಕಿ ರೂಪಿಸಿದ ಬಯೋಟಾರ್ ಲೆನ್ಸಿನ ಕುಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೋವಿಯೆತ್ತಿನವರು ಝೈಸ್ ಕಾರ್ಖಾನೆಯ ಯಂತ್ರ, ನಕ್ಷೆಗಳನ್ನೂ ಕೆಲವು ಕೆಲಸಗಾರರನ್ನೂ ಯುದ್ಧ ಪರಿಹಾರವಾಗಿ ಕೊಂಡೊಯ್ದರು. ಮಾಸ್ಕೋ ಪಕ್ಕದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ ಆ ಲೆಕ್ಕವೇ ಹೀಲಿಯೋಸ್ ಆಯಿತು. ಲಕ್ಷಗಟ್ಟಲೆ ತಯಾರಾಗಿ ದೇಶದೇಶಕ್ಕೆ ಹೋಯಿತು. ಗೋರ್ಕಿಯ 'ತಾಯಿ'ಯ ಕತೆ ನಡೆಯುವ ಸೀಮೆಯಿಂದಲೇ ಈ ಗಾಜೂ ಬಂದದ್ದು.

ಪೀನ ಮಸೂರ, ನಿಮ್ನ ಮಸೂರ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವು. ಮಸೂರ ಹೇಗಿರುತ್ತೆ ಅಂತ ಒಬ್ಬರೂ ಕಣ್ಣಾರೆ ಕಂಡಿರಲಿಲ್ಲ. ಲ್ಯಾಬಿನ ಬೀರುವಿಗೆ ಬೀಗ ಇತ್ತು. ಈಗ ಆರು ಮಸೂರ ನಾಲ್ಕು ಗುಂಪಾಗಿ ಕೂತಿರುವ ಒಂದು ಡಬ್ಬಿ ನಮ್ಮ ಅಂಗೈಲಿತ್ತು.

ಹಳೇ ಲೆನ್ಸು ಹೊಸ ಕ್ಯಾಮೆರಾಕ್ಕೆ ಹೇಗೆ ಕೂರುತ್ತೆ? ಲೆಕ್ಕ ಸುಲಭ. ಈ ಲೆನ್ಸಿನ ಬುಡಕ್ಕೂ ಫಿಲಮ್ಮಿಗೂ ನಡುವೆ ೪೫.೪೬ ಮಿಲಿಮೀಟರು ದೂರ ಇರಬೇಕು. ಕನ್ನಡಿ ಇಲ್ಲದ ಈ ಸೋನಿಯಲ್ಲಿ ಆ ದೂರ ಬರೀ ೧೮. ಮಿಕ್ಕ ೨೭.೪೬ ಮಿಲಿಮೀಟರನ್ನು ಒಂದು ಟೊಳ್ಳು ಬಳೆ ತುಂಬುತ್ತೆ. ಅದೇ ಅಡಾಪ್ಟರು. ಒಳಗೆ ಗಾಜಿಲ್ಲ, ತಂತಿಯಿಲ್ಲ. ಒಂದು ಕಡೆ ೪೨ ಮಿಲಿಮೀಟರಿನ ತಿರುಪು, ಇನ್ನೊಂದು ಕಡೆ ಕ್ಯಾಮೆರಾದ ಹಲ್ಲು. ತಿರುಗಿಸಿದೆವು, ಕೂತಿತು. ಕ್ಯಾಮೆರಾ ಮಾತ್ರ 'ಲೆನ್ಸೇ ಇಲ್ಲ' ಅಂತ ಹಠ ಮಾಡಿತು. ಮೆನುವಿನಲ್ಲಿ ಲೆನ್ಸಿಲ್ಲದೆಯೂ ಶಟರ್ ಬಿಡು ಅಂತ ಅಪ್ಪಣೆ ಕೊಡಬೇಕು. ಕಣ್ಣೆದುರಿಗೇ ಇರೋದನ್ನ ಇಲ್ಲ ಅನ್ನೋದು ನಮಗೆ ಹೊಸತೇನಲ್ಲ. ನಕ್ಕು ಅಪ್ಪಣೆ ಕೊಟ್ಟೆವು.

ಇದರಲ್ಲಿ ಯಾವುದೂ ತಾನಾಗಿ ಆಗೋದಿಲ್ಲ. ಫೋಕಸ್ಸು ಕೈಯಿಂದ, ಅಪರ್ಚರು ಕೈಯಿಂದ. ಅಪರ್ಚರಿಗೆ ಎರಡು ಬಳೆ: ಒಂದರಲ್ಲಿ ಅಳತೆ ಗೊತ್ತು ಮಾಡಬೇಕು, ಇನ್ನೊಂದನ್ನು ತಿರುಗಿಸಿ ತೆರೆದು ಮುಚ್ಚಬೇಕು. ಚೂಪಾಗಿ ಕಾಣುವ ಅಂಚಿಗೆ ಕ್ಯಾಮೆರಾ ಕೆಂಪು ಬಣ್ಣ ಹಚ್ಚಿ ತೋರಿಸುತ್ತೆ. ಅಷ್ಟೇ ಅದರ ಸಹಾಯ. ಮೊದಲ ನೂರು ಫೋಟೋಗಳಲ್ಲಿ ಎಂಬತ್ತು ಮಸುಕು. ಆಡುವ ಮಕ್ಕಳಂತೂ ಸಿಕ್ಕಲೇ ಇಲ್ಲ.

ಆದರೆ ಬೆಳಕಿನ ವಿಷಯದಲ್ಲಿ ಕೈಯೇ ಮೇಲು ಅಂತ ಗೊತ್ತಾಯ್ತು. ಕ್ಯಾಮೆರಾದೊಳಗಿನ ಅಳತೆಗೋಲು ಎದುರಿಗಿರೋದನ್ನೆಲ್ಲ ಒಂದು ನಡುಬೂದು ಬಣ್ಣಕ್ಕೆ ಎಳೆಯುತ್ತೆ. ಸುಣ್ಣದ ಗೋಡೆ ಮುಂದೆ ನಮ್ಮವರು ನಿಂತರೆ ಗೋಡೆ ನೋಡಿ ಬೆಳಕು ತಗ್ಗಿಸುತ್ತೆ, ಮುಖ ಮಸಿಯಾಗುತ್ತೆ. ಕತ್ತಲ ಬಾಗಿಲಲ್ಲಿ ಕೂತರೆ ಬೆಳಕು ಏರಿಸಿ ಮುಖದ ಬಣ್ಣವನ್ನೇ ತೊಳೆಯುತ್ತೆ. ಫೋನಂತೂ ಕೇಳದೆಯೇ ಪೌಡರ್ ಬಳಿಯುತ್ತೆ. ಯಂತ್ರವನ್ನು ಬೈದು ಫಲವಿಲ್ಲ. ಅಮೆರಿಕದ ಕೊಡಕ್ ಕಂಪೆನಿ ೧೯೫೦ರ ದಶಕದಿಂದ ಬಣ್ಣದ ಪ್ರಿಂಟು ಸರಿಯಿದೆಯೇ ನೋಡಲು ಲ್ಯಾಬುಗಳಿಗೆ 'ಶರ್ಲಿ ಕಾರ್ಡು' ಕೊಡುತ್ತಿತ್ತು. ಅದರಲ್ಲಿ ಇದ್ದದ್ದು ಒಬ್ಬ ಬಿಳಿ ಹೆಣ್ಣುಮಗಳು. ಅವಳ ಚರ್ಮ ಸರಿ ಬಂದರೆ ಲೋಕವೆಲ್ಲ ಸರಿ. ಅಳತೆ ಯಾರ ಮುಖದಿಂದ ಶುರುವಾಯ್ತು ಅನ್ನೋದು ಮುಖ್ಯ. ನಾವು ಅಳತೆಯನ್ನು ದೊಡ್ಡವ್ವನ ಮುಖದಿಂದ ಶುರು ಮಾಡಿದೆವು. ಗೋಡೆ ಬೆಳ್ಳಗೆ ಉರಿದುಹೋದರೆ ಹೋಗಲಿ, ಮುಖ ಮುಖದ ಬಣ್ಣದಲ್ಲೇ ಇರಲಿ ಅಂತ ಶಟರು ಗೊತ್ತು ಮಾಡಿದೆವು.

ಇನ್ನು ಈ ಲೆನ್ಸಿಗೆ ಹೆಸರು ತಂದ ಸಂಗತಿ. ಪೂರ್ತಿ ತೆರೆದು ಎಫ್ ೨ರಲ್ಲಿ ಹತ್ತಿರದಿಂದ ತೆಗೆದರೆ ಹಿಂದಿನ ಎಲೆ, ಬೆಳಕಿನ ಚುಕ್ಕಿ ಎಲ್ಲ ಸುಳಿಯ ಹಾಗೆ ಸುತ್ತುತ್ತವೆ. ಓರೆಯಾಗಿ ಬರುವ ಬೆಳಕಿನ ಒಂದು ಪಾಲನ್ನು ಲೆನ್ಸಿನ ಕೊಳವೆಯೇ ತಡೆಯುತ್ತೆ. ಅದಕ್ಕೆ ನಡುವಿನ ಚುಕ್ಕಿ ದುಂಡಗಿದ್ದರೆ ಅಂಚಿನ ಚುಕ್ಕಿ ಬಾದಾಮಿ ಆಕಾರ. ಬಾದಾಮಿಗಳೆಲ್ಲ ನಡುವನ್ನು ಸುತ್ತುವರಿದು ನಿಲ್ಲೋದರಿಂದ ಕಣ್ಣಿಗೆ ಸುಳಿ. ನಮ್ಮ ಕ್ಯಾಮೆರಾದ ಸೆನ್ಸರು ಫಿಲಮ್ಮಿಗಿಂತ ಚಿಕ್ಕದು, ಅಂಚು ಕತ್ತರಿಸಿ ಹೋಗುತ್ತೆ. ಆದರೂ ಹೊಂಗೆಮರ ಹಿಂದಿದ್ದರೆ ಸುಳಿ ಕಂಡೇ ಕಾಣುತ್ತೆ.

ದೊಡ್ಡವ್ವನನ್ನು ಹಾಗೇ ತೆಗೆದೆವು. ಎರಡು ಮೀಟರು ದೂರದಿಂದ, ಎಫ್ ೨. ಒಂದೊಂದು ಸುಕ್ಕೂ ಉತ್ತ ಸಾಲಿನ ಹಾಗೆ ಬಂತು. ಹಿಂದೆ ಹಸಿರು, ಕೆಂಪು, ಬೆಳಕು ಗಿರಗಿರ. ಪೇಟೆಯ ಗೆಳೆಯರು ನೋಡಿ "ಎಂಥಾ ಕ್ಯಾರೆಕ್ಟರ್ ಇದೆ ಈ ಲೆನ್ಸಿಗೆ!" ಅಂದರು. ನಾವೂ ಉಬ್ಬಿದೆವು. ಪ್ರಿಂಟು ಹಾಕಿಸಿ ದೊಡ್ಡವ್ವನ ಕೈಗೆ ಕೊಟ್ಟೆವು.

ದೊಡ್ಡವ್ವ ತಿರುಗಿಸಿ ಮುರುಗಿಸಿ ನೋಡಿದಳು.

"ನನ್ ಮನೆ ಎಲ್ಲೋಯ್ತುಲಾ?"

"ಹಿಂದ್ಗಡೆ ಐತಲ್ಲ ದೊಡ್ಡವ್ವ, ಆ ಕೆಂಪುಗಿರೋದು."

"ಅದು ಮನೇನಾ? ನೀರಿಗೆ ಬಿದ್ದಂಗೈತೆ. ನನ್ ಮೊಕ ಯಾರಿಗ್ ಬೇಕ್ಲಾ ಮಗ. ಕಲ್ಲು ಹೊತ್ತು ಕಟ್ಸಿದ್ದು ಮನೆ. ನಾಳೆ ನಾನ್ ಹೋದ್ಮೇಲೆ ಮೊಮ್ಮಕ್ಳಿಗೆ ಅದು ಕಾಣ್ಬೇಕು."

ನಮಗೆ ಮಾತು ಬರಲಿಲ್ಲ. ನಲವತ್ತು ವರ್ಷ ಕಲ್ಲುಗಣಿಯಲ್ಲಿ ದುಡಿದು ಕಟ್ಟಿಸಿದ ಎರಡಂಕಣದ ಹೆಂಚಿನ ಮನೆ. ಹಕ್ಕುಪತ್ರಕ್ಕಾಗಿ ಕಚೇರಿಯ ಬಾಗಿಲಲ್ಲಿ ಕಾದು ಕಾದು ಪಡೆದ ಜಾಗ. ಅದನ್ನು ನಾವು ಚೆಂದಕ್ಕೋಸ್ಕರ ಕಲಸಿಬಿಟ್ಟಿದ್ದೆವು. ನಮ್ಮ ಕೈಯಲ್ಲೇ ಕೇರಿ ಮಾಯವಾಗಿತ್ತು.

ಆವಾಗ 'ಕ್ಯಾರೆಕ್ಟರ್' ಅನ್ನೋ ಮಾತು ತಲೆ ಕೊರೆಯಲು ಶುರುವಾಯ್ತು. ಅಂಚು ಮಸುಕಾಗೋದು, ಮೂಲೆ ಕಪ್ಪಾಗೋದು, ಬಿಸಿಲಿಗೆ ಎದುರಾದರೆ ಚಿತ್ರ ಬಿಳಿಚಿಕೊಳ್ಳೋದು, ಇವೆಲ್ಲ ಲೆಕ್ಕ ಹಾಕಿದವರ ಕಣ್ಣಿಗೆ ದೋಷಗಳೇ. ಇವತ್ತು ಅವಕ್ಕೆ ಗುಣ ಅಂತ ಹೆಸರು. ನಾವು 'ಹಾಲು' ಅನ್ನೋದಕ್ಕೆ 'ಆಲು' ಅಂದಾಗ ಬೆಂಚಿನ ಮೇಲೆ ನಿಲ್ಲಿಸಿದ್ದರು. ನಮ್ಮ ನಾಲಗೆಯ ದೋಷಕ್ಕೆ ಯಾರೂ ಕ್ಯಾರೆಕ್ಟರ್ ಅನ್ನಲಿಲ್ಲ. ಯಾಕೆ? ಬ್ಯಾಗಿನಲ್ಲಿ ಇನ್ನೂ ನಾಲ್ಕು ಲೆನ್ಸು ಇಟ್ಟುಕೊಂಡವರಿಗೆ ದೋಷ ಒಂದು ರುಚಿ. ಬೇಕಾದಾಗ ಹಾಕ್ಕೋಬಹುದು, ಸಾಕಾದಾಗ ತೆಗೀಬಹುದು. ಇರೋದು ಒಂದೇ ಅನ್ನುವವರು ಆ ದೋಷದ ಜೊತೆಗೇ ಬಾಳಬೇಕು, ಅದರ ಒಳಗಿಂದಲೇ ದಾರಿ ಹುಡುಕಬೇಕು.

ದಾರಿ ಲೆನ್ಸಿನ ಮೈಮೇಲೇ ಕೆತ್ತಿತ್ತು. ಫೋಕಸ್ ಬಳೆಯ ಕೆಳಗೆ ಎರಡೂ ಕಡೆ ಗೀಟುಗಳಿವೆ. ಯಾವ ಅಪರ್ಚರಿಗೆ ಎಲ್ಲಿಂದ ಎಲ್ಲಿವರೆಗೆ ಚೂಪು ಅಂತ ಅವು ಹೇಳುತ್ತವೆ. ಅಪರ್ಚರು ಕಿರಿದು ಮಾಡಿದರೆ ಕೊಳವೆ ತಡೆಯುವ ಮೊದಲೇ ಎಸಳುಗಳು ಬೆಳಕನ್ನು ಸಮನಾಗಿ ತಡೆಯುತ್ತವೆ, ಸುಳಿ ನಿಲ್ಲುತ್ತೆ. ಆದರೆ ಬರೀ ಅಪರ್ಚರು ಸಾಲದು, ಹಿಂದಕ್ಕೂ ಹೋಗಬೇಕು. ದೊಡ್ಡವ್ವನನ್ನು ಅವಳ ಜಗಲಿ ಮೇಲೇ ಕೂರಿಸಿದೆವು. ನಾವು ಹದಿನೈದು ಹೆಜ್ಜೆ ಹಿಂದೆ ಸರಿದೆವು. ಚರಂಡಿ ದಾಟಿ, ಎದುರುಮನೆಯ ಗೋಡೆಗೆ ಬೆನ್ನು ತಾಗಿತು. ಗೀಟುಗಳು ಫಿಲಮ್ಮಿನ ಲೆಕ್ಕದವು. ಚಿಕ್ಕ ಸೆನ್ಸರಿಗೆ ಒಂದು ಮೆಟ್ಟಿಲು ಬಿಗಿ ಹಿಡಿಯಬೇಕು. ೫.೬ರ ಗೀಟು ಓದಿ ೮ಕ್ಕೆ ಇಟ್ಟೆವು. ಕ್ಯಾಮೆರಾ ಉದ್ದಕ್ಕೆ ಹಿಡಿದೆವು. ಶಟರ್ ೧೨೫.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ತಾಲ್ಲೂಕಿನ ಮುಚ್ಚಿಹೋಗುತ್ತಿರುವ ಸ್ಟುಡಿಯೋಗಳ ಬೀರು ಒಮ್ಮೆ ನೋಡಿ. ಲೆನ್ಸು ಸಿಕ್ಕರೆ ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್ಸು. ಮಳೆಗಾಲದಲ್ಲಿ ತೊಗಲಿನ ಚೀಲದಲ್ಲಿಟ್ಟರೆ ಬರೋದೇ ಅದು, ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತೆ. ನಾವು ಮೆಟ್ಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೀವಿ. ಮಕ್ಕಳ ಕೈಗೆ ಕೊಡಿ, ಮಸೂರ ಅಂದರೇನು ಅಂತ ತಿರುಗಿಸಿ ನೋಡಲಿ.

ಎರಡನೇ ಪ್ರಿಂಟನ್ನು ದೊಡ್ಡವ್ವನಿಗೆ ಕೊಟ್ಟೆವು. ಪೇಟೆಯ ಗೆಳೆಯರು "ಇದೇನು, ಮಾಮೂಲಿ ಫೋಟೋ" ಅಂದಿದ್ದರು. ದೊಡ್ಡವ್ವ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದಳು. ತನ್ನ ಮುಖದ ಮೇಲೆ ಅವಳ ಬೆರಳು ನಿಲ್ಲಲೇ ಇಲ್ಲ. ಹೊಸಿಲು, ಕಿಟಕಿ, ಸೂರಿನ ತೊಲೆ ಮುಟ್ಟುತ್ತಾ ಹೆಂಚಿಗೆ ಬಂತು. ಒಂದೊಂದೇ ಸಾಲು ಎಣಿಸಿದಳು. ಒಂದು ಕಡೆ ನಿಂತಳು.

"ಒಡೆದಿರೋ ಹೆಂಚೂ ಬಂದೈತೆ ಕಣ್ಲಾ" ಅಂದಳು. "ಈಗ ಸರ್ಯಾಗೈತೆ. ಮೊಳೆ ಹೊಡಿ."